ಚಾವಣಿ ತೋರಿಸಮ್ಮ

ನಮ್ಮ ಮನೆಗೆ ಚಾವಣಿಯೇ ಇಲ್ಲ ಎಂದು ಕಂಡುಹಿಡಿದವರು ರೂಲ್ ಸಾಹೇಬರು. ಕಂಡುಹಿಡಿದದ್ದು ನಮ್ಮ ಚಾವಣಿಯ ಕೆಳಗೆ, ನೆರಳಿನಲ್ಲಿ ನಿಂತುಕೊಂಡು.

ಅವರು ವಿದ್ಯುತ್ ಕಚೇರಿಯ ಇಂಜಿನಿಯರು. ಬಾಯಿ ಬಿಟ್ಟರೆ ರೂಲು. ಹಾಗಾಗಿ ಬಡಾವಣೆಗೆಲ್ಲ ಅವರು ರೂಲ್ ಸಾಹೇಬರು. ಅವರ ಮನೆಯ ಮೇಲೆ ಹದಿನಾರು ಸೋಲಾರ್ ಪ್ಲೇಟುಗಳಿದ್ದವು. ನಾಲ್ಕು ವರ್ಷದಿಂದ ಅವನ್ನು ತೊಳೆಯುತ್ತಿದ್ದವಳು ನಾನು.

ಪ್ಲೇಟು ತೊಳೆಯುವುದೂ ಒಂದು ಕೆಲಸವೇ ಎಂದು ಕೇಳುವವರಿದ್ದಾರೆ. ಬಡಾವಣೆಯ ಪಕ್ಕದಲ್ಲಿ ಜಲ್ಲಿ ಕ್ರಷರ್ ಇದೆ. ಅದು ಹಗಲಿಡೀ ಬಂಡೆ ಅರೆಯುತ್ತದೆ, ಧೂಳು ಎಲ್ಲರ ಮನೆ ಮೇಲೂ ಬೀಳುತ್ತದೆ. ಹತ್ತು ದಿನ ತೊಳೆಯದಿದ್ದರೆ ಪ್ಲೇಟು ಹಿಟ್ಟಿನ ಗಿರಣಿಯ ನೆಲದಂತಾಗುತ್ತದೆ. ಕರೆಂಟು ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ನಾವು ಹನ್ನೊಂದು ಜನ ಹೆಂಗಸರು ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಿದ್ದೆವು. ಬಿಸಿಲು ಬೀಳುವ ಮುಂಚೆ ತೊಳೆದು ಮುಗಿಸಬೇಕು. ಕಾದ ಗಾಜಿಗೆ ತಣ್ಣೀರು ಹಾಕಿದರೆ ಬಿರುಕು ಬಿಡುತ್ತದೆ. ಇದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ. ಮೊದಲ ವರ್ಷ ಒಂದು ಪ್ಲೇಟು ಒಡೆದು, ಎರಡು ತಿಂಗಳ ಕೂಲಿ ಬಿಟ್ಟುಕೊಟ್ಟು ಕಲಿತೆವು.

ಪ್ರತಿ ಮನೆಯ ಒಳಗೂ ಮಾಳಿಗೆಗೆ ಮೆಟ್ಟಿಲಿದೆ. ಅದು ಮನೆಯವರಿಗೆ. ನಮಗೆ ಹಿಂದಿನ ಗೋಡೆಗೆ ಒರಗಿಸಿದ ಕಬ್ಬಿಣದ ಏಣಿ. ಒಂದು ಕೈಯಲ್ಲಿ ಇಪ್ಪತ್ತು ಲೀಟರ್ ನೀರು, ಇನ್ನೊಂದು ಕೈಯಲ್ಲಿ ಏಣಿ, ಕಂಕುಳಲ್ಲಿ ಉದ್ದ ಕೋಲಿನ ಬ್ರಷ್. ಒಂದು ಮನೆಗೆ ಎಂಟು ಸಲ ಹತ್ತಿ ಇಳಿಯಬೇಕು. ಆಮೇಲೆ ಮಂಡಿಯೂರಿ ಉಜ್ಜಬೇಕು. ನನ್ನ ಮಂಡಿಯ ಚರ್ಮ ಈಗ ಹಿಮ್ಮಡಿಯ ಚರ್ಮದಂತಾಗಿದೆ. ಕೆಳಗೆ ಮನೆಯವರು ಇನ್ನೂ ಮಲಗಿರುತ್ತಾರೆ. ಬಕೆಟ್ಟು ಸದ್ದಾದರೆ ಕಿಟಕಿಯಿಂದ ಬೈಗುಳ ಬರುತ್ತದೆ. ನಮಗೂ ಅವರಿಗೂ ಇದ್ದ ಪರಿಚಯ ಅಷ್ಟೇ.

ಇನ್ನು ನಮ್ಮ ಮನೆ. ಚರಂಡಿಯಾಚೆ, ಒಂದೇ ಕೋಣೆ. ಅದರಲ್ಲಿ ನಾನು, ನನ್ನ ಗಂಡ, ಅತ್ತೆ. ಗಂಡ ಗುಜರಿ ಅಂಗಡಿಯಲ್ಲಿ ತಂತಿ ಸುಲಿಯುತ್ತಾನೆ. ಮೂರು ವರ್ಷದ ಹಿಂದೆ ಬೀಸಿದ ಗಾಳಿಗೆ ನಮ್ಮ ತಗಡು ಹಾರಿ ಕ್ರಷರ್ ಹಳ್ಳಕ್ಕೆ ಬಿತ್ತು. ಹೊಸ ತಗಡು ನಮ್ಮ ಕೈಗೆಟುಕುವಂತಿರಲಿಲ್ಲ. ಆದರೆ ಗುಜರಿಗೆ ಒಡೆದ ಸೋಲಾರ್ ಪ್ಲೇಟುಗಳು ಬಂದು ಬೀಳುತ್ತಿದ್ದವು. ದೊಡ್ಡ ಮನೆಗಳಲ್ಲಿ ಗಾಜು ಬಿರುಕು ಬಿಟ್ಟ ಕೂಡಲೇ ಎಸೆಯುತ್ತಾರೆ. ಒಡೆದ ಪ್ಲೇಟು ಸತ್ತಿರುವುದಿಲ್ಲ, ಕುಂಟುತ್ತ ಕೆಲಸ ಮಾಡುತ್ತದೆ, ನಮ್ಮ ಹಾಗೆ. ಒಂದೊಂದಾಗಿ ಹನ್ನೆರಡು ಪ್ಲೇಟು ಕೈಗಾಡಿಯಲ್ಲಿ ತಂದೆವು. ಕಬ್ಬಿಣದ ಚೌಕಟ್ಟು ಕಟ್ಟಿ, ಪಕ್ಕಪಕ್ಕ ಜೋಡಿಸಿ, ಸಂದಿಗೆ ಲಾರಿ ಟ್ಯೂಬಿನ ಪಟ್ಟಿ ಇಟ್ಟು ಡಾಂಬರು ಬಳಿದೆವು. ಒಂದು ಹನಿ ಸೋರಲಿಲ್ಲ. ಗಂಡ ಹಳೆಯ ಇನ್ವರ್ಟರ್ ರಿಪೇರಿ ಮಾಡಿ ತಂತಿ ಎಳೆದ. ಫ್ಯಾನು ತಿರುಗಿತು.

ಅತ್ತೆ ಮಲಗಿದಲ್ಲಿಂದಲೇ ಮೇಲೆ ನೋಡಿ ಹೇಳಿದರು, "ಉಳ್ಳೋರ ಮನೇಲಿ ಚಾವಣಿ ಮೇಲೆ ಪ್ಲೇಟು. ನಮ್ಮನೇಲಿ ಪ್ಲೇಟೇ ಚಾವಣಿ. ಒಂದು ಖರ್ಚು ಉಳೀತು ಬಿಡು."

ಹಗಲು ನಾವಿಬ್ಬರೂ ಮನೆಯಲ್ಲಿರುವುದಿಲ್ಲ. ಅತ್ತೆ ಒಬ್ಬರು, ಅವರಿಗೊಂದು ಫ್ಯಾನು. ಮಿಕ್ಕ ಕರೆಂಟು ತಾನಾಗಿ ಲೈನಿಗೆ ಹೋಗುತ್ತಿತ್ತು. ನಮ್ಮ ಮೀಟರಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಕರೆಂಟು ಯಾವ ಕಡೆಗೆ ಹರಿದರೂ ಅದು 'ಇವರೇ ಉರಿಸಿದರು' ಎಂದು ಬರೆದುಕೊಳ್ಳುತ್ತಿತ್ತು. ನಾವು ಕೊಟ್ಟದ್ದೂ ನಮ್ಮ ಬಿಲ್ಲಿಗೇ ಬಂತು.

"ಇದ್ಯಾವ ನ್ಯಾಯಾನೇ?" ಅಂದರು ಅತ್ತೆ. "ಬಡಿಸಿದೋಳ ಮೇಲೇ ಉಂಡ ಲೆಕ್ಕ ಹಾಕ್ತಾರಾ?"

ಅದೇ ಹೊತ್ತಿಗೆ ಕಂಬ ಕಂಬಕ್ಕೂ ಪೋಸ್ಟರ್ ಅಂಟಿಸಿದರು. 'ಪ್ರತಿ ಮನೆಯೂ ವಿದ್ಯುತ್ ಮನೆ! ನೀವು ಕೊಟ್ಟದ್ದನ್ನು ನಿಮ್ಮ ಲೆಕ್ಕದಲ್ಲಿ ಕಳೆಯುತ್ತೇವೆ!' ಎಂದಿತ್ತು. ಕೊಟ್ಟದ್ದನ್ನೂ ತೆಗೆದುಕೊಂಡದ್ದನ್ನೂ ಬೇರೆ ಬೇರೆ ಬರೆಯುವ ಮೀಟರು ಕೊಡುತ್ತಾರಂತೆ. ಚಿತ್ರದಲ್ಲಿ ಒಂದು ಸಂಸಾರ ಮಾಳಿಗೆ ಮೇಲೆ ನಿಂತು ಹಲ್ಲು ಕಿರಿಯುತ್ತಿತ್ತು. ಪ್ಲೇಟುಗಳು ಫಳಫಳ ಹೊಳೆಯುತ್ತಿದ್ದವು. ಅವನ್ನು ತೊಳೆದವಳು ಚಿತ್ರದಲ್ಲಿರಲಿಲ್ಲ. ನಾನು ಅಕ್ಷರ ಕೂಡಿಸಿಕೊಂಡು ಅದನ್ನು ಎರಡು ಸಲ ಓದಿದೆ. ಓದಿದ್ದು ತಪ್ಪಲ್ಲ. 'ಪ್ರತಿ ಮನೆ' ಅಂದರೆ ನಮ್ಮದೂ ಸೇರಿತು ಅಂದುಕೊಂಡೆನಲ್ಲ, ಅದು ತಪ್ಪು.

ಅರ್ಜಿ ಹಾಕಿದೆ. ಗುಮಾಸ್ತ ಮೊದಲ ದಿನ "ಮೂರು ಪ್ರತಿ ಬೇಕು" ಅಂದ. ಎರಡನೇ ದಿನ "ಮೂರೂ ಒಂದೇ ಥರ ಇರಬೇಕು" ಅಂದ. ಮೂರನೇ ದಿನ ತೆಗೆದುಕೊಂಡು ಮೂರನ್ನೂ ಒಂದೇ ಫೈಲಿನಲ್ಲಿಟ್ಟ.

ಒಂದು ತಿಂಗಳಾದ ಮೇಲೆ ಪರಿಶೀಲನೆಗೆ ರೂಲ್ ಸಾಹೇಬರೇ ಬಂದರು. ಚರಂಡಿ ದಾಟುವಾಗ ಪ್ಯಾಂಟು ಎತ್ತಿ ಹಿಡಿದಿದ್ದರು. ನಾನು ನಮಸ್ಕಾರ ಮಾಡಿದೆ. ಅವರಿಗೆ ಗುರುತು ಹತ್ತಲಿಲ್ಲ. ಹತ್ತುವುದಾದರೂ ಹೇಗೆ? ನಾಲ್ಕು ವರ್ಷದಿಂದ ಅವರ ತಲೆಯ ಮೇಲೆ ಓಡಾಡಿದ್ದೆನೇ ಹೊರತು ಕಣ್ಣಿನ ಮುಂದೆ ಅಲ್ಲ.

"ಪ್ಲೇಟು ಎಲ್ಲಿ?" ಅಂದರು.

"ಮೇಲೆ ಸಾರ್."

ತಲೆ ಎತ್ತಿ ನೋಡಿದರು. ಫೈಲಿನಲ್ಲಿ ಏನೋ ಗೀಚಿದರು. "ಸರಿ. ಈಗ ಚಾವಣಿ ತೋರಿಸಮ್ಮ."

"ಅದೇ ಸಾರ್ ಚಾವಣಿ."

"ಅದು ಪ್ಲೇಟು. ನಾನು ಕೇಳಿದ್ದು ಚಾವಣಿ. ಪ್ಲೇಟನ್ನ ಚಾವಣಿಯ ಮೇಲೆ ಕೂರಿಸಿರಬೇಕು ಅಂತ ರೂಲಿದೆ. ಎಂಟನೇ ರೂಲು."

"ನಮ್ಮಲ್ಲಿ ಎರಡೂ ಒಂದೇ ಸಾರ್."

"ಹಾಗೆಲ್ಲ ಆಗಲ್ಲ. ಮೇಲೆ ಅಂದ್ರೆ ಕೆಳಗೆ ಒಂದು ಇರಬೇಕು. ಪ್ಲೇಟು ತೆಗೆದ್ರೆ ಅದರ ಕೆಳಗೆ ಏನಿರುತ್ತೆ, ಹೇಳು?"

"ನಾನಿರ್ತೀನಿ" ಅಂದರು ಅತ್ತೆ, ಮಂಚದ ಮೇಲಿಂದ.

ಸಾಹೇಬರು ನಗಲಿಲ್ಲ. ಮಂಚದ ಸುತ್ತ ಒಂದು ಸುತ್ತು ಬಂದು, ಪಾಠ ಒಪ್ಪಿಸುವಂತೆ ಹೇಳಿದರು, "ಇದನ್ನ ಚಾವಣಿ ಅಂದ್ರೆ ನಿಮ್ಮ ಹತ್ರ ಪ್ಲೇಟಿಲ್ಲ. ಪ್ಲೇಟು ಅಂದ್ರೆ ಚಾವಣಿ ಇಲ್ಲ. ಚಾವಣಿ ಇಲ್ಲದ್ದು ಮನೆ ಅಲ್ಲ. ಮನೆ ಅಲ್ಲದ್ದಕ್ಕೆ ಮನೆ ಕನೆಕ್ಷನ್ ಕೊಟ್ಟಿದ್ದು ಯಾರು?"

ನಾನು ಕೇಳಿದ್ದು ಒಂದು ಮೀಟರು. ಇದ್ದ ಲೈನಿಗೇ ಸಂಚಕಾರ ಬಂತು.

"ಇದನ್ನ ಜೋಡಿಸಿದ್ದು ಯಾರು?"

"ನಮ್ಮನೆಯವ್ರು."

"ಸರ್ಟಿಫಿಕೇಟ್ ಇದೆಯಾ?"

"ಇಲ್ಲ ಸಾರ್."

"ಸರ್ಟಿಫಿಕೇಟ್ ಇಲ್ಲದವರು ಪ್ಲೇಟು ಮುಟ್ಟಲೇಬಾರದು. ಅಪಾಯ."

"ಸಾರ್, ನಿಮ್ಮನೆ ಪ್ಲೇಟು ತೊಳೆಯೋಳು ನಾನೇ. ನನ್ನ ಹತ್ರಾನೂ ಇಲ್ಲ."

ಆಗ ಮೊದಲ ಸಲ ನನ್ನ ಮುಖ ನೋಡಿದರು. "ಅದು ಬೇರೆ ವಿಷಯ" ಅಂದರು. ಪ್ಯಾಂಟು ಎತ್ತಿಕೊಂಡು ಚರಂಡಿ ದಾಟಿದರು.

ನಾಲ್ಕನೇ ದಿನ ನೋಟಿಸು ಬಂತು. ಏಳು ದಿನದೊಳಗೆ ಅನಧಿಕೃತ ಉಪಕರಣ ತೆರವುಗೊಳಿಸತಕ್ಕದ್ದು. ಕೆಳಗೆ ಇನ್ನೊಂದು ಸಾಲು: 'ಪ್ರಮಾಣಪತ್ರವಿಲ್ಲದ ಯಾವುದೇ ವ್ಯಕ್ತಿಯು ವಿದ್ಯುತ್ ಉತ್ಪಾದಿಸುವ ಯಾವುದೇ ಉಪಕರಣವನ್ನು ಯಾವುದೇ ಕಾರಣಕ್ಕೂ ಮುಟ್ಟತಕ್ಕದ್ದಲ್ಲ.' ಮುಟ್ಟಬೇಡ ಎಂಬ ಮಾತನ್ನು ನಮ್ಮ ಅಜ್ಜಿ ಮುತ್ತಜ್ಜಿಯರೂ ಕೇಳಿಕೊಂಡೇ ಬಂದವರು. ಮುದ್ರೆ ಒತ್ತಿಸಿಕೊಂಡು, ಸಹಿ ಹಾಕಿಸಿಕೊಂಡು ನನ್ನ ಕೈಗೆ ಬಂದದ್ದು ಇದೇ ಮೊದಲು. ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಎಂಟನೇ ದಿನ ಲೈನ್‌ಮ್ಯಾನ್ ಇಬ್ಬರು ಆಳುಗಳ ಜೊತೆ ಬಂದ. ಅತ್ತೆ ಮಂಚ ಬಿಟ್ಟು ಏಳಲಿಲ್ಲ. ಅವರನ್ನು ಹಾಗೇ ಬಿಟ್ಟು ಮೇಲೆ ಕೆಲಸ ಶುರುಮಾಡಿದರು. ಒಂದೊಂದು ಪ್ಲೇಟು ತೆಗೆದಾಗಲೂ ಅತ್ತೆಯ ಮೈಮೇಲೆ ಒಂದೊಂದು ಚೌಕ ಬಿಸಿಲು ಬಿತ್ತು. ಮೊದಲು ಕಾಲಿಗೆ, ಆಮೇಲೆ ಹೊಟ್ಟೆಗೆ, ಕೊನೆಗೆ ಮುಖಕ್ಕೆ. ಅವರು ಸೆರಗು ಎಳೆದುಕೊಳ್ಳಲಿಲ್ಲ.

"ನನ್ನ ಬೈಬೇಡಿ ಅಜ್ಜಿ" ಅಂದ ಲೈನ್‌ಮ್ಯಾನ್. "ಹೇಳಿದ್ದು ಮಾಡೋನು ನಾನು."

"ಮಾಡೋರು ಇದ್ದೀರಿ ಅಂತಲೇ ಅವರು ಹೇಳ್ತಾರೆ ಕಣಪ್ಪ" ಅಂದರು ಅತ್ತೆ.

ಕೊನೆಗೆ ಕಂಬ ಹತ್ತಿ ಲೈನೂ ಕತ್ತರಿಸಿದ. ನನಗೆ ಅಳು ಬರಲಿಲ್ಲ. ಸಿಟ್ಟು ಬಂತು.  ಮೇಲೆ ಪ್ಲಾಸ್ಟಿಕ್ ಹೊದಿಸಿದೆವು. ಅದರ ಕೆಳಗೆ ಮಧ್ಯಾಹ್ನ ಕೂತರೆ ಒಲೆಯ ಮೇಲೆ ಕೂತಂತೆ. ಅತ್ತೆಗೆ ಮೈತುಂಬ ಬೆವರುಸಾಲೆ ಎದ್ದಿತು. ನೆರಳು ಗೋಡೆಯ ಯಾವ ಕಡೆಗೆ ಹೋದರೆ ಆ ಕಡೆಗೆ ಮಂಚ ಎಳೆದುಕೊಂಡು ಹೋಗುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು. ಅವರು ಮಂಚ ಎಳೆಯುವ ಸದ್ದು ನನಗೆ ಬೇರೆಯವರ ಮಾಳಿಗೆ ಮೇಲೂ ಕೇಳಿಸಿದಂತಾಗುತ್ತಿತ್ತು.

ಪ್ಲೇಟುಗಳನ್ನಾದರೂ ವಾಪಸ್ ಕೊಡಿ, ತಂತಿ ಹಾಕುವುದಿಲ್ಲ ಎಂದು ಬೇಡಿಕೊಳ್ಳಲು ಕಚೇರಿಗೆ ಹೋದೆ. ಹಿಂದಿನ ಅಂಗಳದಲ್ಲಿ ಅವು ಕಂಡವು. ನಾಲ್ಕು ಕಂಬ ನೆಟ್ಟು ಹನ್ನೆರಡನ್ನೂ ಮೇಲೆ ಜೋಡಿಸಿದ್ದರು. ಸಂದಿಗೆ ನಮ್ಮದೇ ಟ್ಯೂಬಿನ ಪಟ್ಟಿ. ಕೆಳಗೆ ಸಾಹೇಬರ ಸ್ಕೂಟರು ತಣ್ಣಗೆ ನಿಂತಿತ್ತು.

ಸಾಹೇಬರ ಮೇಜಿನ ಮುಂದೆ ಹೋಗಿ ನಿಂತೆ. "ಸ್ಕೂಟರಿಗೆ ಚಾವಣಿ ಆಗುತ್ತೆ, ನಮ್ಮತ್ತೆಗೆ ಆಗಲ್ವಾ ಸಾರ್?"

ಅವರು ತಲೆ ಎತ್ತಲಿಲ್ಲ. "ಅದು ಚಾವಣಿ ಅಲ್ಲ. ತಾತ್ಕಾಲಿಕ ನೆರಳು."

"ನಮ್ಮದನ್ನೂ ತಾತ್ಕಾಲಿಕ ನೆರಳು ಅಂತಲೇ ಬರ್ಕೊಳ್ಳಿ."

"ಮನೆ ಅರ್ಜಿಯಲ್ಲಿ ಅಂಥ ಕಾಲಂ ಇಲ್ಲಮ್ಮ. ಹೋಗು."

ಮಾರನೆಯ ದಿನ ಅವರ ಮನೆಯ ಪಾಳಿ. ದಿನದ ಅಭ್ಯಾಸ ನೋಡಿ, ಕಾಲು ತಾನಾಗಿ ಹೋಯಿತು. ನೀರು ತುಂಬಿಕೊಂಡೆ. ಏಣಿ ಹತ್ತಿದೆ. ನಾಲ್ಕನೇ ಮೆಟ್ಟಿಲಿನಲ್ಲಿ ಸೊಂಟದ ಕಾಗದ ಚುಚ್ಚಿತು. ನಿಂತೆ. ಯಾವುದೇ ವ್ಯಕ್ತಿ. ಯಾವುದೇ ಉಪಕರಣ. ಯಾವುದೇ ಕಾರಣಕ್ಕೂ. ಇಷ್ಟು ದೊಡ್ಡವರು ಇಷ್ಟು ಸಲ 'ಯಾವುದೇ' ಎಂದು ಬರೆದಿರುವಾಗ ನಾನು ಮೀರಬಹುದೇ? ಇಳಿದೆ. ನೀರನ್ನು ಏಣಿಯ ಬುಡಕ್ಕೆ ಸುರಿದು ಮನೆಗೆ ಬಂದೆ.

ಹತ್ತು ಹೆಂಗಸರನ್ನೂ ಕೂರಿಸಿಕೊಂಡು ಆ ಸಾಲು ಓದಿ ಹೇಳಿದೆ. "ನಿಮ್ಮಲ್ಲಿ ಯಾರ ಹತ್ರ ಸರ್ಟಿಫಿಕೇಟ್ ಇದೆ?"

ಒಬ್ಬಳು ಮಂಡಿ ತೋರಿಸಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಕ್ಕು ಮುಗಿದ ಮೇಲೆ ಹನ್ನೊಂದು ಬ್ರಷ್ಷುಗಳನ್ನು ನಮ್ಮ ಗೋಡೆಗೆ ಒರಗಿಸಿದೆವು. ಹೊಟ್ಟೆಗೆ ಕಷ್ಟವಾಯಿತು, ಸುಳ್ಳು ಯಾಕೆ ಹೇಳಲಿ. ಕೆಲವರು ಕ್ರಷರಿನಲ್ಲಿ ಜಲ್ಲಿ ಹೊರಲು ಹೋದರು. ಸಂಜೆ ಬಂದು ಧೂಳು ಕೊಡವಿಕೊಳ್ಳುವಾಗ, "ಇದು ನಾಳೆ ಬಡಾವಣೆಗೆ ಬೀಳೋದು, ಇವತ್ತು ನಮ್ಮ ತಲೆ ಮೇಲಿದೆ" ಎನ್ನುತ್ತಿದ್ದರು.

ಹದಿನೈದು ದಿನಕ್ಕೆ ಬಡಾವಣೆಯ ಮಾಳಿಗೆಗಳೆಲ್ಲ ಬೂದಿ ಬಳಿದುಕೊಂಡವು. ಮೀಟರುಗಳು 'ಕೊಟ್ಟದ್ದು' ಎಂಬಲ್ಲಿ ಸೊನ್ನೆ ತೋರಿಸಿದವು. ಬಡಾವಣೆಯವರು ಮೊದಲು ಫೋನು ಮಾಡಿಸಿದರು, ಆಮೇಲೆ ಬೈದರು. ಕೊನೆಗೆ ಸಾಹೇಬರ ಹೆಂಡತಿ ಕಾರಿನಲ್ಲಿ ಚರಂಡಿಯ ತನಕ ಬಂದು ಕಿಟಕಿ ಇಳಿಸಿದರು.

"ಏನಮ್ಮ, ಬರೋದೇ ಬಿಟ್ಟೆಯಲ್ಲ?"

"ಬರಬಾರದು ಅಂತ ಬರೆದಿದ್ದಾರೆ ಅಮ್ಮಾವ್ರೇ." ಕಾಗದ ಕೊಟ್ಟೆ.

ಓದಿದರು. "ಇದಕ್ಕೆ ಸಹಿ ಹಾಕಿದ್ದು ನಮ್ಮನೆಯವ್ರಲ್ವಾ?"

"ಹೌದಮ್ಮಾವ್ರೇ. ಅದಕ್ಕೇ ಭಯ."

ಅವರು ಕಿಟಕಿ ಏರಿಸಿಕೊಂಡರು. ಆ ರಾತ್ರಿ ಸಾಹೇಬರಿಗೆ ಊಟದ ಜೊತೆ ಏನೇನು ಬಡಿಸಿದರೋ, ಭಾನುವಾರ ಸಾಹೇಬರೇ ಮಾಳಿಗೆ ಹತ್ತಿದರು. ಏಣಿಯಿಂದಲ್ಲ, ಒಳಗಿನ ಮೆಟ್ಟಿಲಿಂದ. ಹೊತ್ತು ಹನ್ನೆರಡೂವರೆ. ಬ್ರಷ್ಷಾದರೂ ತಂದು ಕೊಡು ಎಂದು ಅಮ್ಮಾವ್ರು ಹೇಳಿ ಕಳಿಸಿದ್ದರು. ಬ್ರಷ್ಷು ಮುಟ್ಟಬಾರದು ಎಂದು ರೂಲಿನಲ್ಲಿರಲಿಲ್ಲ, ಹಾಗಾಗಿ ಹೋದೆ. ಕಾಂಪೌಂಡಿನ ಹೊರಗೆ ನಿಂತು ನೋಡಿದರೆ ಸಾಹೇಬರು ಶೂ ಹಾಕಿಕೊಂಡು, ಸಂಪಿನ ತಣ್ಣೀರಿನ ಪೈಪು ಹಿಡಿದು ನಿಂತಿದ್ದಾರೆ.

ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ನಾಲ್ಕು ವರ್ಷ ಮಂಡಿಯೂರಿ ಒರೆಸಿದ ಗಾಜು. ತಡೆಯಲಾಗಲಿಲ್ಲ.

"ಸಾರ್, ಈಗ ನೀರು ಹಾಕ್ಬೇಡಿ! ಗಾಜು ಕಾದಿದೆ. ಬೆಳಿಗ್ಗೆ ತೊಳೀಬೇಕು."

"ಹದಿನೆಂಟು ವರ್ಷ ಸರ್ವಿಸ್ ಆಗಿದೆ ನಂಗೆ. ನೀನು ಹೇಳ್ಕೊಡ್ತೀಯಾ?"

"ಶೂನಾದ್ರೂ ತೆಗೀರಿ. ಪ್ಲೇಟು ಮೇಲೆ ಕಾಲಿಡ್ಬೇಡಿ."

ಪೈಪಿನ ನೀರು ಬಿಟ್ಟರು. ಮೊದಲು ಆವಿ ಎದ್ದಿತು. ಆಮೇಲೆ ಟಪ್ ಎಂದಿತು. ಇನ್ನೊಂದು. ಮತ್ತೊಂದು. ಸದ್ದಿಗೆ ಬೆಚ್ಚಿ ಹಿಂದೆ ಸರಿದರು, ಹಿಮ್ಮಡಿ ಒಂದು ಪ್ಲೇಟಿನ ನಟ್ಟನಡುವೆ ಕೂತಿತು. ಬಿರುಕು ಅಲ್ಲಿಂದ ಸುತ್ತಲೂ ಓಡಿತು. ಅಷ್ಟಕ್ಕೇ ಮುಗಿಯಲಿಲ್ಲ. ಇಂಜಿನಿಯರೇ ಪೈಪು ಹಿಡಿದದ್ದನ್ನು ನೋಡಿ ಆ ಸಾಲಿನ ಐದು ಮನೆಯವರೂ ತಮ್ಮ ತಮ್ಮ ಪೈಪು ಬಿಚ್ಚಿದ್ದರು. ಗಂಟೆ ಒಂದಾಗುವಷ್ಟರಲ್ಲಿ ಬೀದಿಯಿಡೀ ಟಪ್ ಟಪ್. ನಾನು ಬ್ರಷ್ಷು ಹೆಗಲಿಗಿಟ್ಟುಕೊಂಡು ಮನೆ ಕಡೆ ನಡೆದೆ.

ಒಡೆದ ಪ್ಲೇಟು ಮಾಳಿಗೆ ಮೇಲಿದ್ದರೆ ಲೈನು ಕತ್ತರಿಸಬೇಕು ಎಂದೂ ಒಂದು ರೂಲಿದೆಯಂತೆ. ಅದನ್ನು ಬಡಾವಣೆಗೆ ಸುತ್ತೋಲೆ ಕಳಿಸಿ ತಿಳಿಸಿದ್ದವರು ಅದೇ ಸಾಹೇಬರು. ಹಾಗಾಗಿ ಸಂಜೆಯೊಳಗೆ ಎಲ್ಲರೂ ಇಳಿಸಿದರು. ಗುಜರಿ ಗಾಡಿ ನಾಲ್ಕು ಸಲ ಹೋಗಿ ಬಂತು. ನಾಲ್ಕನೇ ಸಲ ಅಂಗಡಿಗೆ ಹೋಗುವ ಮೊದಲು ನಮ್ಮ ಬಾಗಿಲಲ್ಲಿ ನಿಂತಿತು. ಗಂಡ ಮಾಲೀಕನ ಹತ್ತಿರ ಒಂದು ವಾರದ ಕೂಲಿ ಬಿಟ್ಟುಕೊಟ್ಟು ಹದಿನಾಲ್ಕು ಪ್ಲೇಟು ತಂದಿದ್ದ. ಹನ್ನೆರಡು ಮೇಲೆ ಹೋದವು. ಮಿಕ್ಕ ಎರಡು ಬಚ್ಚಲಿಗಾದವು. ಇನ್ವರ್ಟರನ್ನು ಈ ಸಲ ಮುಟ್ಟಲಿಲ್ಲ. ಹಳೇ ಬಸ್ಸಿನ ಡ್ರೈವರ್ ಸೀಟಿನ ಪುಟ್ಟ ಫ್ಯಾನೊಂದನ್ನು ಮಣೆಗೆ ಬಿಗಿದು, ಪ್ಲೇಟಿನಿಂದ ನೇರ ತಂತಿ ಕೊಟ್ಟ. ಬಿಸಿಲಿದ್ದರೆ ತಿರುಗುತ್ತದೆ, ಮೋಡ ಬಂದರೆ ನಿಲ್ಲುತ್ತದೆ. ಅತ್ತೆ ಮೋಡಕ್ಕೆ ಬೈಯುತ್ತಾರೆ. ನಮ್ಮ ಕರೆಂಟು ಈಗ ನಮ್ಮ ಹೊಸ್ತಿಲು ದಾಟುವುದಿಲ್ಲ.

ಒಂದು ವಾರಕ್ಕೆ ರೂಲ್ ಸಾಹೇಬರು ಬಂದರು. ಮಧ್ಯಾಹ್ನ, ಬೆವರಿಳಿಯುತ್ತಿತ್ತು. ಕೈಯಲ್ಲಿ ಹನ್ನೊಂದು ಕಾಗದ. ಪ್ಲೇಟು ಒಡೆಯದೆ ಉಳಿದ ಮನೆಗಳವರು ಧೂಳಿನ ಮೇಲೆ ಧೂಳು ಎಂದು ಮೇಲಧಿಕಾರಿಗಳಿಗೆ ದೂರು ಕೊಟ್ಟಿದ್ದರು.

"ಇದು ಸರ್ಟಿಫಿಕೇಟು" ಅಂದರು. "ಉಪಕರಣ ಸ್ವಚ್ಛತಾ ಸಹಾಯಕಿ. ಇನ್ನು ನೀವು ಮುಟ್ಟಬಹುದು. ಇಲ್ಲೊಂದು ಸಹಿ ಹಾಕು, ನಾಳೆಯಿಂದ ಬಾ."

"ನಮ್ಮ ಲೈನು ಸಾರ್? ಆ ಮೀಟರು?"

"ಅದು ಬೇರೆ ವಿಷಯ."

"ಹಾಗಾದ್ರೆ ತೊಳೆಯೋದೂ ಬೇರೆ ವಿಷಯ ಸಾರ್. ಎರಡನ್ನೂ ಒಟ್ಟಿಗೆ ತನ್ನಿ. ಹನ್ನೊಂದು ಜನಾನೂ ಬರ್ತೀವಿ. ಒಳಗಿನ ಮೆಟ್ಟಿಲಿಂದ ಬರ್ತೀವಿ."

ಅವರ ಮುಖ ಕೆಂಪಾಯಿತು. ಹಳೆಯ ಅಭ್ಯಾಸದಂತೆ ತಲೆ ಎತ್ತಿ ಮೇಲೆ ನೋಡಿದರು. ಮೂರನೇ ಪ್ಲೇಟಿನ ನಟ್ಟನಡುವೆ ಹಿಮ್ಮಡಿಯ ಗುರುತು. ಅದರಿಂದ ಸುತ್ತಲೂ ಬಿರುಕು. ಆಮೇಲೆ ತಮ್ಮ ಶೂ ನೋಡಿಕೊಂಡರು.

"ಚಾವಣಿ ತೋರಿಸಬೇಕಾ ಸಾಹೇಬ್ರೇ?" ಅಂದರು ಅತ್ತೆ. "ನಿಮ್ಮದೇ, ನೋಡ್ಕೊಳ್ಳಿ."

ಸಾಹೇಬರು ಬಾಯಿ ತೆರೆದರು. ಏನಾದರೂ ಕೇಳಲೇಬೇಕಿತ್ತು. ಫ್ಯಾನಿನ ಕಡೆ ಬೆರಳು ತೋರಿಸಿ, "ಇದಕ್ಕೆ ಪರ್ಮಿಷನ್ ಇದೆಯಾ?" ಅಂದರು.

"ಯಾವುದಕ್ಕೆ, ಬಿಸಿಲಿಗಾ?" ಅಂದರು ಅತ್ತೆ.

ಸಾಹೇಬರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಒರೆಸಿಕೊಳ್ಳುತ್ತ, ತಮಗೇ ಗೊತ್ತಾಗದಂತೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಫ್ಯಾನಿನ ಎದುರಿಗೆ ಬಂದು ನಿಂತರು. ಗಾಳಿಗೆ ಅವರ ಅಂಗಿ ಉಬ್ಬಿತು. ಕಣ್ಣು ಅರ್ಧ ಮುಚ್ಚಿದರು.

ಅತ್ತೆ ಮಂಚದಿಂದ ಬಗ್ಗಿ, ಮಣೆ ಹಿಡಿದು, ಫ್ಯಾನನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಅರ್ಜಿ ಹಾಕಿ ಬನ್ನಿ ಸಾಹೇಬ್ರೇ" ಅಂದರು. "ಮೂರು ಪ್ರತಿ."